ಕಂಸ ಕಳಚಿಕೊಂಡ ಪತಂಗ

ಹಗಲಲ್ಲಿ ಇದನ್ನು ನೋಡಬೇಕಾದರೆ ಟೊಮೆಟೊ ಗಿಡವನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಬೇಕು. ಎಲೆಗಳ ಸಂದಿಯಿಂದ ಬೂದು ಬಣ್ಣದ್ದೇನೋ ಒಂದು ಚಿಮ್ಮಿ, ಅಂಕುಡೊಂಕಾಗಿ ಎರಡು ಮಾರು ಹಾರಿ, ಪಕ್ಕದ ಗಿಡದ ಎಲೆಯಡಿ ಸೇರಿಕೊಂಡುಬಿಡುತ್ತದೆ. ಮೈಯುದ್ದ 5ರಿಂದ 7 ಮಿಲಿಮೀಟರು, ಹೆಚ್ಚೆಂದರೆ ಒಂದು ಅಕ್ಕಿಕಾಳಿನಷ್ಟು. ರೆಕ್ಕೆ ಪೂರ್ತಿ ಬಿಚ್ಚಿದರೂ ಒಂದು ಸೆಂಟಿಮೀಟರಿನ ಆಸುಪಾಸು. ಮುಸ್ಸಂಜೆ ಮತ್ತು ಬೆಳಕು ಹರಿಯುವ ಹೊತ್ತು, ಇವೆರಡೇ ಇದರ ಓಡಾಟದ ವೇಳೆ. ಉಳಿದಂತೆ ರೆಕ್ಕೆಗಳನ್ನು ಬೆನ್ನ ಮೇಲೆ ಮಡಿಸಿ, ಕುಡಿಮೀಸೆಗಳನ್ನು ಹಿಂದಕ್ಕೆ ಒರಗಿಸಿಕೊಂಡು ಕೂತಿರುತ್ತದೆ.

ಟೊಮೆಟೊ ಬೆಳೆಯುವವರಿಗೆ ಇದು ‘ಟ್ಯೂಟಾ’. ಕೋಲಾರದ ಕಡೆ ‘ಊಜಿ’ ಎನ್ನುವವರೂ ಇದ್ದಾರೆ. ರೇಷ್ಮೆ ಹುಳು ಸಾಕುವವರನ್ನು ಕೇಳಿದರೆ ಊಜಿ ಎಂದರೆ ನೊಣ. ಅದಕ್ಕೆ ಎರಡೇ ರೆಕ್ಕೆ, ಇದಕ್ಕೆ ನಾಲ್ಕು. ಹಾಗೆಂದು ರೈತರನ್ನು ತಿದ್ದಲು ಹೊರಡುವ ಹಾಗೂ ಇಲ್ಲ. ಹೆಸರಿಡುವುದನ್ನೇ ವೃತ್ತಿ ಮಾಡಿಕೊಂಡ ಕೀಟಶಾಸ್ತ್ರಜ್ಞರು ಒಂದು ಶತಮಾನದಲ್ಲಿ ಈ ಪತಂಗದ ಕುಲವನ್ನು ಐದು ಸಲ ಬದಲಿಸಿದ್ದಾರೆ. ಐದನೆಯ ಸಲ ಅವರು ಬಂದು ಸೇರಿದ್ದು ಹೊರಟ ಜಾಗಕ್ಕೇ.

ಇಷ್ಟೊಂದು ಅಲೆದಾಟ ಯಾಕಾಯಿತು ಎಂದು ತಿಳಿಯಲು ಮೊದಲು ಹುಳುವನ್ನೇ ಸರಿಯಾಗಿ ನೋಡಬೇಕು. ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು. ಅದರಡಿ ಇಟ್ಟ ಕೂಡಲೇ ಬೂದು ಬಣ್ಣ ಮಾಯವಾಗುತ್ತದೆ. ಪತಂಗದ ರೆಕ್ಕೆಯ ಬಣ್ಣವೆಲ್ಲ ಅದರ ಮೇಲೆ ಸಾಲುಸಾಲಾಗಿ ನಾಟಿಕೊಂಡ ಹುರುಪೆಗಳದ್ದು. ಇಲ್ಲಿ ಬೆಳ್ಳಿಬಿಳುಪಿನ ಹುರುಪೆ, ಅದರ ಪಕ್ಕಕ್ಕೆ ಕಂದು, ನಡುನಡುವೆ ಕಪ್ಪು. ಬರಿಗಣ್ಣು ಇವನ್ನೆಲ್ಲ ಕಲಸಿ ಬೂದು ಎಂದುಕೊಳ್ಳುತ್ತದೆ. ಮುಂದಿನ ರೆಕ್ಕೆಗಳಲ್ಲಿ ಕಪ್ಪು ಹುರುಪೆಗಳು ಅಲ್ಲಲ್ಲಿ ಗುಂಪುಗೂಡಿ ಚುಕ್ಕೆಗಳಾಗಿವೆ. ಕವಲಿಲ್ಲದ ಸಪೂರ ಕುಡಿಮೀಸೆಯ ಉದ್ದಕ್ಕೂ ತಿಳಿ ಬಣ್ಣದ್ದೊಂದು, ಕಪ್ಪಿನದ್ದೊಂದು ಉಂಗುರ. ಕಾಲುಗಳಿಗೂ ಅದೇ ಪಟ್ಟೆ. ಬಾಯಿಯ ಕೆಳಗಿನಿಂದ ಹೊರಟ ಎರಡು ಮೊನಚು ಸ್ಪರ್ಶಾಂಗಗಳು ಮುಖದ ಮುಂದೆ ಮೇಲಕ್ಕೆ ಬಾಗಿ ನೆತ್ತಿಯ ತನಕ ಹೋಗುತ್ತವೆ. ಈ ಬಾಗಿದ ಸ್ಪರ್ಶಾಂಗಗಳನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತವೆ.

ಹಿಂದಿನ ರೆಕ್ಕೆ ಇನ್ನೂ ವಿಚಿತ್ರ. ಅದು ಕಿರಿದು, ತುದಿಯ ಹತ್ತಿರ ಅಂಚು ಥಟ್ಟನೆ ಒಳಕ್ಕೆ ಬಾಗಿ, ಮೊನೆಯೊಂದು ಚಾಚಿಕೊಂಡಿರುತ್ತದೆ. ಸುತ್ತಲೂ ರೆಕ್ಕೆಯ ಅಗಲಕ್ಕೆ ಪೈಪೋಟಿ ಕೊಡುವಷ್ಟು ಉದ್ದದ ಜಾಲರಿ. ಇಷ್ಟು ಸಣ್ಣ ಮೈಯವರಿಗೆ ಗಾಳಿ ನಮಗಿರುವಷ್ಟು ತೆಳುವಲ್ಲ. ಆ ಅಳತೆಯಲ್ಲಿ ಗಾಳಿಯ ಜಿಗುಟೇ ಹೆಚ್ಚು ಪ್ರಭಾವ ಬೀರುವುದರಿಂದ, ಒತ್ತಾಗಿ ಬೆಳೆದ ರೋಮಗಳ ಜಾಲರಿ ಬಹುಮಟ್ಟಿಗೆ ರೆಕ್ಕೆಯ ಕೆಲಸವನ್ನೇ ಮಾಡುತ್ತದೆ. ತೂಕ ಹೆಚ್ಚದೆ ರೆಕ್ಕೆ ಅಗಲವಾದ ಹಾಗಾಯಿತು.

ಇಷ್ಟೆಲ್ಲ ನೋಡಿದ ಮೇಲೆ ಪತಂಗ ಯಾವುದೆಂದು ಖಚಿತವಾಗಿ ಹೇಳಬಹುದೇ? ಇಲ್ಲ, ಹೇಳಲಾಗದು. ಹುರುಪೆ ಬಹಳ ಬೇಗ ಉದುರುತ್ತದೆ. ನಾಲ್ಕು ರಾತ್ರಿ ಹಾರಿದ ಪತಂಗದ ಚುಕ್ಕೆಗಳು ಅಳಿಸಿಹೋಗಿರುತ್ತವೆ. ಹೆಣ್ಣಿನ ವಾಸನೆ ತೋರಿಸಿ ಗಂಡನ್ನು ಸೆಳೆಯುವ ಮೋಹಕ ಬಲೆಯ ಅಂಟಿಗೆ ಬಿದ್ದದ್ದರ ಕಥೆಯಂತೂ ಕೇಳುವುದೇ ಬೇಡ. ಮೇಲಾಗಿ ಅಚ್ಚಳಿಯದೆ ಉಳಿದ ಪತಂಗವೂ ತನ್ನ ನೆಂಟರನ್ನು ಹೋಲುತ್ತದೆ. ಹಾಸನ, ಚಿಕ್ಕಮಗಳೂರಿನ ಆಲೂಗಡ್ಡೆ ಬೆಳೆಗಾರರಿಗೆ ಗೊತ್ತಿರುವ ಗೆಡ್ಡೆ ಪತಂಗ ಇದಕ್ಕಿಂತ ಸ್ವಲ್ಪ ದೊಡ್ಡದು, ಬಣ್ಣ ಕೊಂಚ ಕಂದು. ಹೆಣ್ಣು ಗೆಡ್ಡೆ ಪತಂಗ ರೆಕ್ಕೆ ಮಡಿಸಿ ಕೂತಾಗ ಬೆನ್ನ ಮೇಲೆ ಗುಣಾಕಾರ ಚಿಹ್ನೆಯ ಗುರುತು ಮೂಡುತ್ತದೆ, ಗಂಡಿನಲ್ಲಿ ಎರಡು ಮೂರು ಚುಕ್ಕೆ ಅಷ್ಟೆ. ಪುಸ್ತಕದ ಚಿತ್ರದಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಅಂಟಿನಲ್ಲಿ ಮುಳುಗಿದ ನೂರು ಪತಂಗಗಳ ನಡುವೆ ಹುಡುಕುವಾಗ ಅಷ್ಟು ಸುಲಭವಲ್ಲ.

ಈ ವಿಷಯದಲ್ಲಿ ಮರಿಹುಳು ಹೆಚ್ಚು ಪ್ರಾಮಾಣಿಕ. ಮೊಟ್ಟೆಯಿಂದ ಆಗತಾನೆ ಹೊರಬಂದಾಗ ಅದರ ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ಮೈ ಕೆನೆ ಬಣ್ಣ, ತಲೆ ಕಪ್ಪು. ಎಲೆಯ ಎರಡು ಪದರಗಳ ನಡುವೆ ಸೇರಿಕೊಂಡು ಹಸಿರು ತಿರುಳನ್ನು ತಿನ್ನುತ್ತ ತಾನೂ ಹಸಿರಾಗುತ್ತದೆ, ಬಲಿತಾಗ ಬೆನ್ನಿಗೆ ನಸುಗೆಂಪು ಬಣ್ಣ ಬರುತ್ತದೆ. ತಲೆಯ ಹಿಂದಿನ ಫಲಕದ ಹಿಂಬದಿಯಲ್ಲಿ ಒಂದು ಕಿರಿದಾದ ಕಪ್ಪು ಪಟ್ಟಿ ಇದ್ದರೆ ಅದು ಟ್ಯೂಟಾ. ಗೆಡ್ಡೆ ಪತಂಗದ ಮರಿಯಲ್ಲಿ ಆ ಫಲಕ ಪೂರ್ತಿ ಕಪ್ಪಾಗಿರುತ್ತದೆ. ನಾಲ್ಕು ಹಂತ ದಾಟಿ ಮುಕ್ಕಾಲು ಸೆಂಟಿಮೀಟರು ಬೆಳೆದ ಮೇಲೆ ಮಣ್ಣಿನಲ್ಲೋ ಎಲೆಯಲ್ಲೋ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಒಂದು ತಿಂಗಳು. ಒಂದು ಹೆಣ್ಣು ಸುಮಾರು 260 ಮೊಟ್ಟೆಗಳವರೆಗೂ ಇಡಬಲ್ಲದು. ಆಹಾರ ಸಿಗುತ್ತಿದ್ದರೆ, ಚಳಿ ಕಾಡದಿದ್ದರೆ, ವರ್ಷಕ್ಕೆ ಹತ್ತು ಹನ್ನೆರಡು ತಲೆಮಾರು.

ಎಲೆಯ ಮೇಲಿನ ಗುರುತನ್ನೂ ಓದಲು ಬರಬೇಕು. ಟೊಮೆಟೊ ಎಲೆಯಲ್ಲಿ ಬಿಳಿ ಗೆರೆ ಹಾವಿನಂತೆ ಸುತ್ತಾಡಿದ್ದರೆ ಅದು ರಂಗೋಲಿ ಹುಳುವಿನದು. ಅದೊಂದು ನೊಣದ ಮರಿ. ಅದರ ಹಾದಿ ಕೊನೆಯವರೆಗೂ ಕಿರಿದಾಗಿಯೇ ಉಳಿಯುತ್ತದೆ. ಟ್ಯೂಟಾ ಮರಿಯೂ ಸಣ್ಣ ಗೆರೆಯಿಂದಲೇ ಶುರುಮಾಡುತ್ತದೆ. ಆಮೇಲೆ ಅದನ್ನು ಅಗಲಿಸಿ, ಎಲೆಯಲ್ಲಿ ಗುಳ್ಳೆ ಎದ್ದಂಥ ತೆಳುಪೊರೆಯ ಕೋಣೆ ಮಾಡಿಕೊಂಡು, ಒಂದು ಮೂಲೆಗೆ ಕಪ್ಪು ಹಿಕ್ಕೆ ಒಟ್ಟುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಓಡಾಡುವ ಮರಿ ಕಾಣುತ್ತದೆ. ಕಾಯಿಗೆ ನುಗ್ಗುವಾಗ ತೊಟ್ಟಿನ ಹತ್ತಿರ ಸೂಜಿಮೊನೆಯಷ್ಟು ರಂಧ್ರ. ಮಾಮೂಲಿ ಕಾಯಿಕೊರಕ ಮಾಡುವ ದೊಡ್ಡ ತೂತಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಬಾಕ್ಸಿಗೆ ತುಂಬುವಾಗ ಕಣ್ತಪ್ಪಿ ಹೋಗುವುದು, ಮಂಡಿಯಲ್ಲಿ ಹರಾಜಿನ ಹೊತ್ತಿಗೆ ಬಯಲಾಗುವುದು ಈ ಸಣ್ಣ ರಂಧ್ರವೇ.

ಈಗ ಆ ಬಾಗಿದ ಸ್ಪರ್ಶಾಂಗಗಳಿಗೆ ಬರೋಣ. ಮೇಲಕ್ಕೆ ಬಾಗಿದ ಸ್ಪರ್ಶಾಂಗ, ತುದಿ ಚಾಚಿದ ಕಿರಿದಾದ ಹಿಂರೆಕ್ಕೆ, ಬುಡದಲ್ಲಿ ಹುರುಪೆ ಹೊದ್ದ ಹೀರುಗೊಳವೆ: ಈ ಮೂರೂ ಸೇರಿದರೆ ಪತಂಗ ಜೆಲೆಕಿಡೇ ಕುಟುಂಬದ್ದೆಂದು ಬಹುಮಟ್ಟಿಗೆ ಹೇಳಬಹುದು. ಹೆಸರಿಟ್ಟ ಪ್ರಭೇದಗಳೇ ನಾಲ್ಕೂವರೆ ಸಾವಿರಕ್ಕೂ ಹೆಚ್ಚಿರುವ ದೊಡ್ಡ ಕುಟುಂಬ ಇದು. ಕರ್ನಾಟಕದ ರೈತರಿಗೆ ಕುಟುಂಬದ ಹೆಸರು ಗೊತ್ತಿಲ್ಲದಿದ್ದರೂ ಸದಸ್ಯರ ಪರಿಚಯ ಬೇಕಾದಷ್ಟಿದೆ. ಬಯಲುಸೀಮೆಯ ಹತ್ತಿಕಾಯಿಯೊಳಗಿನ ಗುಲಾಬಿ ಕಾಯಿಕೊರಕ, ಶೇಂಗಾ ಎಲೆ ಮಡಿಸುವ ಸುರುಳಿ ಹುಳು, ಕಣಜದಲ್ಲಿಟ್ಟ ಭತ್ತ ಜೋಳದ ಕಾಳನ್ನು ಒಳಗಿಂದಲೇ ಟೊಳ್ಳು ಮಾಡುವ ಪತಂಗ, ಆಲೂಗಡ್ಡೆಯ ಗೆಡ್ಡೆ ಪತಂಗ, ಎಲ್ಲ ಈ ಬಳಗವೇ. ದೊಡ್ಡ, ಬಣ್ಣಬಣ್ಣದ ಪತಂಗಗಳಿಗೆ ಆಲ್ಬಂ ತೆಗೆದಿಡುವವರು ಸಿಗುತ್ತಾರೆ. ನಮ್ಮ ಊಟದ ತಟ್ಟೆಗೆ ಕೈಹಾಕುವ ಈ ಬೂದು ಬಳಗದ ಫೋಟೊ ತೆಗೆಯುವವರು ಕಡಿಮೆ. ನನ್ನ ಮಟ್ಟಿಗೆ ಇದು ತಿರುಗುಮುರುಗಾಗಬೇಕಿತ್ತು.

ಈ ಬೂದು ಬಳಗಕ್ಕೇ ಆಯುಷ್ಯ ಧಾರೆಯೆರೆದವರೊಬ್ಬರಿದ್ದರು, ಎಡ್ವರ್ಡ್ ಮೆರಿಕ್. 1854ರಲ್ಲಿ ಹುಟ್ಟಿ 1938ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಶಾಲಾಮಾಸ್ತರು. ಮಾರ್ಲ್‌ಬರೊ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಪಾಠ ಹೇಳುತ್ತಿದ್ದರು. ಬಿಡುವಿನಲ್ಲಿ ಸಣ್ಣ ಪತಂಗಗಳು. ಜಗತ್ತಿನ ಮೂಲೆಮೂಲೆಯಿಂದ ಅವರಿಗೆ ಪೆಟ್ಟಿಗೆಗಳು ಬರುತ್ತಿದ್ದವು. ನಮ್ಮ ಕೊಡಗಿನಿಂದ, ಕಾರವಾರದಿಂದ ಹೋದ ಪತಂಗಗಳಿಗೂ ಅವರು ಹೆಸರಿಟ್ಟಿದ್ದಾರೆ. ಬಿಹಾರದ ಪೂಸಾದಲ್ಲಿದ್ದ ಸರ್ಕಾರಿ ಕೀಟಶಾಸ್ತ್ರಜ್ಞ ಬೇನ್‌ಬ್ರಿಗ್ ಫ್ಲೆಚರ್ ಕೂಡ ಕಳಿಸುತ್ತಿದ್ದರು. ಒಟ್ಟು 14 ಸಾವಿರಕ್ಕೂ ಹೆಚ್ಚು ಹೊಸ ಪ್ರಭೇದಗಳನ್ನು ಅವರೊಬ್ಬರೇ ವರ್ಣಿಸಿದರು. ಅದಕ್ಕೆಂದೇ ಸ್ವಂತ ಪತ್ರಿಕೆಯೊಂದನ್ನು 1912ರಿಂದ ಹೊರತಂದರು. ಅಷ್ಟು ವೇಗ ಸಾಧ್ಯವಾದದ್ದು ಅವರ ವಿಧಾನದಿಂದ: ರೆಕ್ಕೆಯ ಬಣ್ಣ, ರೆಕ್ಕೆಯ ನರಗಳು, ತಲೆಯ ಅಂಗಗಳು, ಇಷ್ಟನ್ನು ನೋಡಿ ಕೆಲವೇ ಸಾಲುಗಳ ವರ್ಣನೆ ಬರೆಯುವುದು. ಹೊಟ್ಟೆಯ ತುದಿಯ ಜನನಾಂಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದು ಹೊಸ ತಲೆಮಾರಿನವರು ಹೇಳತೊಡಗಿದಾಗ ಅವರು ಒಪ್ಪಲಿಲ್ಲ, ಕೊನೆಯವರೆಗೂ.

1917ರಲ್ಲಿ ಅವರು ದಕ್ಷಿಣ ಅಮೆರಿಕದ ಸಣ್ಣ ಪತಂಗಗಳ ಬಗ್ಗೆ ಪ್ರಕಟಿಸಿದ ಲೇಖನದಲ್ಲಿ ಒಂದು ಗಂಡು ಪತಂಗ ಸೇರಿತ್ತು. ಅದು ಪೆರು ದೇಶದ ಹುವಾಂಕಾಯೊದ್ದು. ಆಂಡೀಸ್ ಪರ್ವತದಲ್ಲಿ, 3 ಸಾವಿರ ಮೀಟರಿಗೂ ಎತ್ತರದಲ್ಲಿರುವ ಊರು. ತಾವೇ 1902ರಲ್ಲಿ ಕಟ್ಟಿದ್ದ ಥೋರಿಮಿಯಾ ಎಂಬ ಕುಲಕ್ಕೆ ಅದನ್ನು ಸೇರಿಸಿ, ಥೋರಿಮಿಯಾ ಅಬ್ಸೊಲ್ಯೂಟಾ ಎಂದು ಕರೆದರು. ಆ ಹೊತ್ತಿಗೆ ಅದು ಟೊಮೆಟೊ ತಿನ್ನುತ್ತದೆಂಬ ಸುಳಿವೂ ವರ್ಣನೆಯಲ್ಲಿ ಇರಲಿಲ್ಲ. ಸಾವಿರಾರರಲ್ಲಿ ಒಂದಾಗಿ ಮುಂದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದು ಪಟ್ಟಿಯಲ್ಲಿ ಉಳಿಯಿತು.

ಜನನಾಂಗದ ಮೇಲೆ ಅಷ್ಟೇಕೆ ಗಮನ ಎಂದು ಓದುಗರಿಗೆ ಅನಿಸಬಹುದು. ಕೆಲಸ ಹೀಗೆ ನಡೆಯುತ್ತದೆ. ಒಣಗಿದ ಪತಂಗದ ಹೊಟ್ಟೆಯನ್ನು ಸೂಜಿಯಿಂದ ಬಿಡಿಸಿ, ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡುತ್ತಾರೆ. ಮಾಂಸ, ಕೊಬ್ಬು ಕರಗಿ ಕೈಟಿನ್ನಿನ ಗಟ್ಟಿ ಚೌಕಟ್ಟು ಮಾತ್ರ ಉಳಿಯುತ್ತದೆ. ಸಣ್ಣ ಕುಂಚದಿಂದ ಹುರುಪೆ ತೊಳೆದು, ಬಣ್ಣ ಹಿಡಿಸಿ, ಗಾಜಿನ ಸ್ಲೈಡಿನ ಮೇಲೆ ಬಿಡಿಸಿಡುತ್ತಾರೆ. ನಮ್ಮ ಪತಂಗದ ಗಂಡಿನಲ್ಲಿ ಹೆಣ್ಣನ್ನು ಹಿಡಿದುಕೊಳ್ಳುವ ಎರಡು ತೋಳುಗಳು ಬೆರಳಿನ ಆಕಾರದವು. ತುದಿಯಲ್ಲಿ ರೋಮ, ಒಳಅಂಚಿನ ನಡುವೆ ಒಂದು ಉಬ್ಬು. ಬೂದುರೆಕ್ಕೆಯ ಹತ್ತು ಪ್ರಭೇದಗಳನ್ನು ಹೊರಗಿನಿಂದ ನೋಡಿ ಬೇರ್ಪಡಿಸಲಾಗದಿದ್ದರೂ ಈ ಭಾಗದಲ್ಲಿ ಹತ್ತಕ್ಕೂ ಹತ್ತು ವಿನ್ಯಾಸ ಇರಬಹುದು. ಬೀಗಕ್ಕೆ ಕೀಲಿ ಹೊಂದುವ ಹಾಗೆ ಗಂಡು ಹೆಣ್ಣಿನ ಅಂಗಗಳು ಹೊಂದುತ್ತವೆ, ಅದಕ್ಕೇ ಪ್ರಭೇದಗಳು ಬೆರೆಯುವುದಿಲ್ಲ ಎಂಬುದು 19ನೇ ಶತಮಾನದ ವಾದ. ಅದು ಎಲ್ಲೆಡೆ ನಿಲ್ಲುವುದಿಲ್ಲ. ಸಂಗಾತಿಯ ಆಯ್ಕೆಯ ಪೈಪೋಟಿಯೇ ಈ ಅಂಗಗಳನ್ನು ಬೇಗ ಬೇಗ ಬದಲಿಸುತ್ತದೆ ಎನ್ನುವವರೇ ಈಗ ಹೆಚ್ಚು. ಕಾರಣ ಯಾವುದಾದರೂ ಇರಲಿ, ವರ್ಗೀಕರಣಕಾರನಿಗೆ ಇಷ್ಟು ಉಪಯುಕ್ತವಾದ ಅಂಗ ಇನ್ನೊಂದಿಲ್ಲ.

ಮೆರಿಕ್ ಅವರ ಒಂದು ಲಕ್ಷದಷ್ಟು ಪತಂಗಗಳ ಸಂಗ್ರಹ ಲಂಡನ್ನಿನ ಮ್ಯೂಸಿಯಂ ಸೇರಿತು. ಅವರು ಮಾಡದೆ ಬಿಟ್ಟ ಕೆಲಸವನ್ನು ಅಮೆರಿಕದ ಗೇಟ್ಸ್ ಕ್ಲಾರ್ಕ್ ಕೈಗೆತ್ತಿಕೊಂಡರು: ಮೆರಿಕ್ ವರ್ಣಿಸಿದ ಮೂಲ ಮಾದರಿಗಳ ಕ್ಯಾಟಲಾಗು, ಜನನಾಂಗಗಳ ಚಿತ್ರಸಮೇತ, ಎಂಟು ಸಂಪುಟ. ಇದೇ ಕ್ಲಾರ್ಕ್ 1962ರಲ್ಲಿ ನಮ್ಮ ಪತಂಗವನ್ನು ನೋರಿಮೊಸ್ಕೀಮಾ ಕುಲಕ್ಕೆ ಸರಿಸಿದರು. ಆ ಕಾಲಕ್ಕೆ ನೋರಿಮೊಸ್ಕೀಮಾ ಎಂದರೆ ಯಾರಿಗೂ ಬೇಡವಾದವರೆಲ್ಲ ಬಂದು ಸೇರುವ ಛತ್ರ. ಅದನ್ನು ವಿಂಗಡಿಸಲು ಹೊರಟವರು ಜೆಕೊಸ್ಲೊವಾಕಿಯದ ದಲಿಬೊರ್ ಪೊವೊಲ್ನಿ. 1964ರಲ್ಲಿ ಅವರು ಇದನ್ನು ಸ್ಕ್ರೋಬಿಪಾಲ್ಪುಲಾ ಕುಲಕ್ಕೆ ಒಯ್ದರು. 1987ರಲ್ಲಿ ಮನಸ್ಸು ಬದಲಿಸಿ ಸ್ಕ್ರೋಬಿಪಾಲ್ಪುಲಾಯ್ಡಿಸ್ ಎಂಬ ಇನ್ನೊಂದು ಕುಲಕ್ಕೆ ದಾಟಿಸಿದರು. 1994ರಲ್ಲಿ ಮತ್ತೆ ಬದಲಿಸಿ ಟ್ಯೂಟಾಕ್ಕೆ ತಂದರು. ಅರ್ಜೆಂಟಿನಾದ ಗಿಡಗಳ ಮೇಲಿನ ಗಂಟುಗಳನ್ನು ಅಭ್ಯಾಸ ಮಾಡುತ್ತಿದ್ದ ಕೀಫರ್ ಮತ್ತು ಯೋರ್ಗೆನ್‌ಸೆನ್ 1910ರಲ್ಲೇ ಕಟ್ಟಿದ್ದ ಕುಲ ಅದು. ಒಬ್ಬನೇ ತಜ್ಞ ಒಂದೇ ಹುಳುವನ್ನು ಮೂರು ಸಲ ಎತ್ತಿಟ್ಟಿದ್ದನ್ನು ಕಂಡು ನಗಬೇಕಾಗಿಲ್ಲ. ಪ್ರತಿ ಸಲವೂ ಹೋಲಿಸಿ ನೋಡಲು ಅವರ ಮೇಜಿನ ಮೇಲೆ ಇನ್ನಷ್ಟು ಪ್ರಭೇದಗಳು ಬಂದಿದ್ದವು.

ಈ ನಡುವೆ ಹುಳು ಸುಮ್ಮನಿರಲಿಲ್ಲ. 1960ರ ದಶಕದಿಂದ ದಕ್ಷಿಣ ಅಮೆರಿಕದ ಟೊಮೆಟೊ ಹೊಲಗಳಲ್ಲಿ ಅದರ ಹೆಸರು ಕೇಳಿಬಂತು. 2006ರ ಕೊನೆಗೆ ಸ್ಪೇನಿನ ಪೂರ್ವ ಕರಾವಳಿಯಲ್ಲಿ ಪತ್ತೆಯಾಯಿತು. ಮೆಡಿಟರೇನಿಯನ್ ಸುತ್ತಲಿನ ದೇಶಗಳ ಪತಂಗಗಳ ಡಿಎನ್‌ಎ ಹೋಲಿಸಿದಾಗ, ಅಷ್ಟೂ ಸಂತತಿ ಚಿಲಿ ದೇಶದ ಮಧ್ಯಭಾಗದಿಂದ ಒಂದೇ ಸಲ ಬಂದದ್ದರ ಕುಡಿ ಎಂದು ಗೊತ್ತಾಯಿತು. ಅಲ್ಲಿಂದ ಆಫ್ರಿಕಾ, ಟರ್ಕಿ, ಇರಾನ್. 2014ರ ಕೊನೆಯಲ್ಲಿ ಪುಣೆಯ ಸುತ್ತ, ಬೆಂಗಳೂರಿನ ಸುತ್ತ. ಮರುವರ್ಷ ಮಲೆನಾಡಿನಿಂದಲೂ ಆಗಿನ ಹೈದರಾಬಾದ್ ಕರ್ನಾಟಕದಿಂದಲೂ ವರದಿ ಬಂತು. ಟೊಮೆಟೊ ಇಲ್ಲದ ದಿನಗಳಲ್ಲಿ ಬದುವಿನ ಗಣಿಕೆ ಗಿಡದಲ್ಲಿ, ಬದನೆಯಲ್ಲಿ, ಆಲೂಗಡ್ಡೆಯ ಎಲೆಯಲ್ಲಿ ಕಾಲ ಹಾಕುವುದು ಅದಕ್ಕೆ ಕಷ್ಟವಲ್ಲ. ಇಷ್ಟು ಖಂಡಗಳಿಗೆ ಅದು ಕಾಲಿಟ್ಟದ್ದು ಟ್ಯೂಟಾ ಎಂಬ ಹೆಸರಿನಲ್ಲಿ. ಕ್ವಾರಂಟೈನ್ ಪಟ್ಟಿ, ಸರ್ಕಾರಿ ಸುತ್ತೋಲೆ, ಬೆಂಗಳೂರಿನ ಅಂಗಡಿಯಲ್ಲಿ ಸಿಗುವ ಮೋಹಕ ಬಲೆಯ ಲೂರ್ ಪೊಟ್ಟಣ, ಎಲ್ಲದರ ಮೇಲೂ ಅದೇ ಅಚ್ಚಾಯಿತು.

ಹೀಗಿರುವಾಗ 2021ರಲ್ಲಿ ಚಾಂಗ್ ಮತ್ತು ಮೆಟ್ಜ್ ಎಂಬಿಬ್ಬರು ಲೆಕ್ಕವನ್ನು ಮೊದಲಿಂದ ಹಾಕಿದರು. ‘ಇದು ಯಾವುದರ ಹಾಗೆ ಕಾಣುತ್ತದೆ’ ಎಂಬ ಪ್ರಶ್ನೆ ಅವರದ್ದಲ್ಲ. ಹತ್ತಿರದ ಕುಲಗಳ ಪತಂಗಗಳನ್ನೆಲ್ಲ ಸಾಲಾಗಿಟ್ಟು, ದೇಹದ ಒಂದೊಂದು ಲಕ್ಷಣವನ್ನೂ ಕೋಷ್ಟಕಕ್ಕೆ ಇಳಿಸಿ, ಯಾವ ಲಕ್ಷಣ ಎಲ್ಲರ ಹಳೆಯ ಪೂರ್ವಜನಿಂದ ಬಂದದ್ದು, ಯಾವುದು ಕೆಲವರಿಗೆ ಮಾತ್ರ ಆಮೇಲೆ ಹುಟ್ಟಿಕೊಂಡದ್ದು ಎಂದು ಬೇರ್ಪಡಿಸುವುದು ಅವರ ಪದ್ಧತಿ. ಎಲ್ಲರಲ್ಲೂ ಇರುವ ಹಳೆಯ ಲಕ್ಷಣದಿಂದ ನೆಂಟಸ್ತಿಕೆ ತೀರ್ಮಾನವಾಗದು. ಹೊಸದಾಗಿ ಹುಟ್ಟಿದ್ದನ್ನು ಹಂಚಿಕೊಂಡವರೇ ಒಂದು ಕವಲು. ಹಾಗೆ ಕಟ್ಟಿದ ವಂಶವೃಕ್ಷದಲ್ಲಿ ನಮ್ಮ ಪತಂಗ ಟ್ಯೂಟಾ ಕುಲದ ಮೂಲ ಪ್ರಭೇದದ ಜೊತೆ ನಿಲ್ಲಲಿಲ್ಲ. ಅದು ಹೋಗಿ ನಿಂತದ್ದು ಆಲೂಗಡ್ಡೆಯ ಗೆಡ್ಡೆ ಪತಂಗವಿರುವ ಕುಲದಲ್ಲಿ. ಆ ಕುಲ ಥೋರಿಮಿಯಾ. ಜನನಾಂಗ ನೋಡಲು ಒಪ್ಪದ ಮಾಸ್ತರು, ಒಂದೇ ಒಂದು ಪತಂಗವನ್ನು ಮುಂದಿಟ್ಟುಕೊಂಡು ಮಾಡಿದ ಊಹೆ ಸರಿಯಿತ್ತು. ಅವರ ವಿಧಾನ ಗೆದ್ದಿತೆಂದು ಇದರಿಂದ ಹೇಳಲಾಗದು. ಅವರ ಬೇರೆ ಎಷ್ಟೋ ತೀರ್ಮಾನಗಳನ್ನು ಅದೇ ಸ್ಲೈಡುಗಳು ತಳ್ಳಿಹಾಕಿವೆ.

ಪ್ರಾಣಿಗಳ ಹೆಸರಿಡುವ ಅಂತಾರಾಷ್ಟ್ರೀಯ ನಿಯಮದಲ್ಲಿ ಒಂದು ಸಣ್ಣ ಶಿಷ್ಟಾಚಾರವಿದೆ. ಪ್ರಭೇದವನ್ನು ಮೊದಲು ವರ್ಣಿಸಿದವರ ಹೆಸರನ್ನು ಕೊನೆಗೆ ಬರೆಯುತ್ತಾರೆ. ಆ ಪ್ರಭೇದ ಮೂಲ ಕುಲದಿಂದ ಬೇರೆಡೆಗೆ ಹೋಗಿದ್ದರೆ ಆ ಹೆಸರಿನ ಸುತ್ತ ಕಂಸ ಹಾಕಬೇಕು. ಅದಕ್ಕೇ ಇಷ್ಟು ವರ್ಷ ಟ್ಯೂಟಾ ಅಬ್ಸೊಲ್ಯೂಟಾ (ಮೆರಿಕ್, 1917) ಎಂದು ಬರೆಯುತ್ತಿದ್ದರು. ಈಗ ಥೋರಿಮಿಯಾ ಅಬ್ಸೊಲ್ಯೂಟಾ ಮೆರಿಕ್, 1917. ಕಂಸ ಹೋಯಿತು. ಹೊಸ ಹೆಸರಿಗೆ ಒಗ್ಗಿಕೊಂಡವರಲ್ಲೂ ಹಳೆಯ ಅಭ್ಯಾಸದಿಂದ ಕಂಸ ಹಾಕಿಬಿಡುವವರು ಈಗಲೂ ಸಿಗುತ್ತಾರೆ.

ಟೊಮೆಟೊ ಬೆಳೆದವರಿಗೆ ಇದರಿಂದ ಏನು ಬಂತು ಎಂಬ ಪ್ರಶ್ನೆ ನ್ಯಾಯವಾದದ್ದೇ. ನೆಂಟಸ್ತಿಕೆ ಸರಿಯಾಗಿ ಗೊತ್ತಾದರೆ ಒಂದರ ವಿಷಯದಲ್ಲಿ ಕಲಿತದ್ದನ್ನು ಇನ್ನೊಂದರ ಮೇಲೆ ಪ್ರಯತ್ನಿಸಲು ಆಧಾರ ಸಿಗುತ್ತದೆ. ಗೆಡ್ಡೆ ಪತಂಗದ ಮರಿಗಳಿಗೆ ತಗಲುವ ಒಂದು ವೈರಸ್ ಇದೆ. ಆಂಡೀಸ್ ಪ್ರದೇಶದಲ್ಲಿ ಕೂಡಿಟ್ಟ ಆಲೂಗಡ್ಡೆಯನ್ನು ಕಾಪಾಡಲು ಅದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಕೀಟಗಳ ಈ ಬಗೆಯ ವೈರಸ್‌ಗಳು ಸಾಮಾನ್ಯವಾಗಿ ತಮ್ಮ ಆಶ್ರಯದಾತನನ್ನು ಬಿಟ್ಟು ದೂರ ಹೋಗುವುದಿಲ್ಲ, ಹತ್ತಿರದ ನೆಂಟರಿಗೆ ಮಾತ್ರ ತಗಲುತ್ತವೆ. ಪ್ರಯೋಗಾಲಯದಲ್ಲಿ ಈ ವೈರಸ್ ಟೊಮೆಟೊ ಪತಂಗದ ಮರಿಗಳನ್ನೂ ರೋಗಕ್ಕೆ ಬೀಳಿಸಿದೆ. ಅವೆರಡನ್ನೂ ಒಂದೇ ಕುಲಕ್ಕೆ ಸೇರಿಸುವ ಮುಂಚೆಯೇ ಇದು ತಿಳಿದಿತ್ತು. ವರ್ಗೀಕರಣಕಾರರಿಗಿಂತ ಮೊದಲು ವೈರಸ್ ನೆಂಟಸ್ತಿಕೆ ಗುರುತಿಸಿತ್ತು ಎನ್ನಬಹುದು.

ಹೆಸರಿನ ಅಲೆದಾಟದ ಬೆಲೆ ತೆರುವವರು ಮುಖ್ಯವಾಗಿ ಓದುವವರು. ಈ ಪತಂಗದ ಹೆಣ್ಣು ಗಂಡನ್ನು ಕರೆಯಲು ಗಾಳಿಗೆ ಬಿಡುವ ವಾಸನೆಯ ರಾಸಾಯನಿಕವನ್ನು 1990ರ ದಶಕದ ನಡುವೆ ಬ್ರೆಜಿಲ್ ಮತ್ತು ಅಮೆರಿಕದ ರಸಾಯನಶಾಸ್ತ್ರಜ್ಞರು ಕೂಡಿ ಬಿಡಿಸಿದರು: ಹದಿನಾಲ್ಕು ಇಂಗಾಲದ ಸರಪಳಿ, ಅದರಲ್ಲಿ ಮೂರು ಜೋಡಿಬಂಧ, ತುದಿಗೆ ಅಸಿಟೇಟ್. ಇವತ್ತು ಕೋಲಾರದ ತೋಟಗಳಲ್ಲಿ ತೂಗುವ ಲೂರ್‌ಗಳೆಲ್ಲ ಆ ಶೋಧದ ಮೇಲೆ ನಿಂತಿವೆ. ಆ ಲೇಖನವನ್ನು ಟ್ಯೂಟಾ ಎಂದು ಹುಡುಕಿದರೂ ಥೋರಿಮಿಯಾ ಎಂದು ಹುಡುಕಿದರೂ ಶೀರ್ಷಿಕೆಯಲ್ಲಿ ಸಿಗದು. ಪ್ರಕಟವಾದಾಗ ಅದರ ತಲೆಯ ಮೇಲಿದ್ದ ಹೆಸರು ಸ್ಕ್ರೋಬಿಪಾಲ್ಪುಲಾಯ್ಡಿಸ್ ಅಬ್ಸೊಲ್ಯೂಟಾ. ಈ ಹುಳುವಿನ ಬಗ್ಗೆ ಗಂಭೀರವಾಗಿ ಓದಲು ಹೊರಟ ವಿದ್ಯಾರ್ಥಿಗಳು ಐದು ಹೆಸರುಗಳನ್ನೂ ಬರೆದಿಟ್ಟುಕೊಂಡು ಕೂರುವುದು ಒಳ್ಳೆಯದು. ಕೊನೆಗೆ ಬರುವ ಅಬ್ಸೊಲ್ಯೂಟಾ ಒಂದನ್ನೇ ಹಾಕಿ ಹುಡುಕಿದರೂ ಮುಕ್ಕಾಲು ಕೆಲಸವಾಗುತ್ತದೆ. 1917ರಿಂದ ಯಾರೂ ಮುಟ್ಟದೆ ಬಿಟ್ಟದ್ದು ಅದೊಂದನ್ನೇ.